ದಂಡಿಗೆ ಹೊರಟ ಹುಡುಗನಿಗೆ

ಸೇನೆಗೆ ಆಯ್ಕೆಯಾಗಿ ತರಬೇತಿ ಕೇಂದ್ರಕ್ಕೆ ಹೊರಟು ನಿಂತ ಹುಡುಗನಿಗೆ ಏನು ಹೇಳಿ ಕಳುಹಿಸಬೇಕು? ಕನ್ನಡ ಪಾಠ ಹೇಳಿ ನಿವೃತ್ತನಾದವನನ್ನು ಈ ಪ್ರಶ್ನೆ ಕೇಳುವುದು ಕೆಲವರಿಗೆ ವಿಚಿತ್ರವೆನ್ನಿಸೀತು. ಆದರೆ ಕೇಳುವವರು ಇದ್ದಾರೆ. ರಾಜಾಜಿನಗರದ ನಮ್ಮ ಭಾಗದಲ್ಲಿ ಬೆಳಕು ಹರಿಯುವ ಮುನ್ನವೇ ಮೈದಾನವನ್ನು ಸುತ್ತು ಹಾಕುವ ಹುಡುಗರಲ್ಲಿ ಒಬ್ಬಿಬ್ಬರಿಗಾದರೂ ವರ್ಷಕ್ಕೊಮ್ಮೆ ಕರೆ ಬರುತ್ತದೆ. ಕಾಲೇಜಿನಲ್ಲಿ ಬಹುಕಾಲ ನಾನು ಎನ್.ಸಿ.ಸಿ. ಅಧಿಕಾರಿಯೂ ಆಗಿದ್ದೆನೆಂಬುದನ್ನು, ಅದಕ್ಕಾಗಿ ನಾಗಪುರದ ಬಳಿಯ ಕಾಮಠಿಯಲ್ಲಿ ಕೆಲವು ತಿಂಗಳು ಕವಾಯತು ಕಲಿತು ಬಂದವನೆಂಬುದನ್ನು ಬಲ್ಲ ತಂದೆತಾಯಿಗಳು ಮಗನನ್ನು ಕರೆದುಕೊಂಡು ಬಂದು, 'ಇವನಿಗೆ ನಾಲ್ಕು ಬುದ್ಧಿಮಾತು ಹೇಳಿ' ಎನ್ನುತ್ತಾರೆ. ಆ ಮಾತುಗಳನ್ನೇ ಈ ಹೊತ್ತು ಕೇಳುಗರ ಮುಂದೆ ಇಡುತ್ತಿದ್ದೇನೆ.

ಬೆಂಗಳೂರಿನ ಹಳಬರಿಗೆ ದಂಡು ಎಂಬುದು ಮೊದಲು ಒಂದು ಸ್ಥಳದ ಹೆಸರು. ೧೮೦೯ರಲ್ಲಿ ಬ್ರಿಟಿಷರು ಇಲ್ಲಿ ಸೈನ್ಯದ ನೆಲೆಯನ್ನು ಸ್ಥಾಪಿಸಿದ ಮೇಲೆ ಊರು ಪೇಟೆಯೆಂದೂ ದಂಡೆಂದೂ ಎರಡಾಯಿತು. ಸ್ವಾತಂತ್ರ್ಯದ ಕಾಲದಲ್ಲಿ ಪಡುವಲ ದಿಕ್ಕಿಗೆ ಬೆಳೆದ ನಮ್ಮ ರಾಜಾಜಿನಗರ, ಕಾರ್ಖಾನೆಗಳನ್ನೂ ಕಾರ್ಮಿಕರ ವಠಾರಗಳನ್ನೂ ನಂಬಿಕೊಂಡದ್ದು; ಪೇಟೆಯ ಮೈಗೆ ಅಂಟಿಕೊಂಡದ್ದು. ಹಲಸೂರಿನ ಕೆರೆಯ ಬಳಿ ಮದರಾಸ್ ಎಂಜಿನಿಯರ್ ಗ್ರೂಪ್ ಇದೆ, ಅಲ್ಲಿಯೂ ಹುಡುಗರು ನಸುಕಿಗೇ ಎದ್ದು ಸಾಲು ನಿಲ್ಲುತ್ತಾರೆ ಎಂಬುದು ನಮ್ಮ ಬೀದಿಯ ಎಷ್ಟೋ ಮಂದಿಗೆ ಕಾಶಿಯ ಸುದ್ದಿಯಷ್ಟು ದೂರದ ಸಂಗತಿ. ಅದಲ್ಲದೆ ಪ್ಯಾರಾಚೂಟ್ ರೆಜಿಮೆಂಟಿನದು, ಪಯೋನಿಯರ್ ದಳದ್ದು, ಸರಬರಾಜು ದಳದ್ದು, ಸೇನಾ ಪೊಲೀಸಿನದು ಎಂದು ಈ ಊರೊಂದರಲ್ಲೇ ಎಷ್ಟು ತರಬೇತಿ ಕೇಂದ್ರಗಳಿವೆ! ಬೆಳಗಾವಿಯಲ್ಲಿ ೧೯೨೨ರಿಂದ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಹುಡುಗರ ಮಾತೇಕೆ, ೨೦೨೧ರ ಮೇ ತಿಂಗಳಲ್ಲಿ ಸೇನಾ ಪೊಲೀಸಿನ ಮೊದಲ ಮಹಿಳಾ ತಂಡ, ೮೩ ಮಂದಿ ಹೆಣ್ಣುಮಕ್ಕಳು, ತರಬೇತಿ ಮುಗಿಸಿ ಪ್ರಮಾಣ ಸ್ವೀಕರಿಸಿದ್ದು ಬೆಂಗಳೂರಿನಲ್ಲಿಯೇ. ಆದ್ದರಿಂದ 'ಹುಡುಗ' ಎಂದು ನಾನು ಅನ್ನುವಾಗಲೆಲ್ಲ ಹುಡುಗಿಯನ್ನೂ ಸೇರಿಸಿಕೊಂಡು ಕೇಳಬೇಕೆಂದು ಪ್ರಾರ್ಥನೆ.

ಸೈನ್ಯದ ಮಾತು ಕನ್ನಡಕ್ಕೆ ಹೊಸದಲ್ಲ. ಬೆಂಗಳೂರೆಂಬ ಹೆಸರು ನಮಗೆ ಮೊದಲು ಸಿಗುವುದೇ ಬೇಗೂರಿನ ವೀರಗಲ್ಲಿನ ಶಾಸನದಲ್ಲಿ, ಸುಮಾರು ಕ್ರಿ.ಶ. ೮೯೦ರ ಆ ಕಲ್ಲು ಬೆಂಗಳೂರಿನ ಕಾಳಗದಲ್ಲಿ ಮಡಿದವನನ್ನು ಸ್ಮರಿಸುತ್ತದೆ. ಪಂಪ ಕವಿಯೂ ಹೌದು, ಕಲಿಯೂ ಹೌದು. ಚಾವುಂಡರಾಯ ದಂಡನಾಯಕನಾಗಿದ್ದುಕೊಂಡು ೯೭೮ರಲ್ಲಿ ಗದ್ಯಗ್ರಂಥ ಬರೆದ. ಇಷ್ಟಿದ್ದೂ ಒಂದು ಕೊರತೆ ಮನಸ್ಸಿಗೆ ತಟ್ಟುತ್ತದೆ. ನಮ್ಮ ಕಾವ್ಯಗಳಲ್ಲಿ ಯುದ್ಧದ ವರ್ಣನೆ ಆಶ್ವಾಸಗಟ್ಟಲೆ ದೊರೆಯುತ್ತದೆ. ಯುದ್ಧಕ್ಕೆ ಮುನ್ನ ಒಬ್ಬ ಸಾಮಾನ್ಯ ಒಕ್ಕಲಮಗ ಯೋಧನಾದದ್ದು ಹೇಗೆ, ಮೊದಲ ತಿಂಗಳಲ್ಲಿ ಅವನ ಕಾಲು ಎಷ್ಟು ಬೊಕ್ಕೆ ಎದ್ದಿತು, ರಾತ್ರಿ ಅವನು ಯಾರನ್ನು ನೆನೆದು ಅತ್ತ ಎಂಬುದನ್ನು ಹೇಳಿದವರನ್ನು ನನ್ನ ಓದಿನಲ್ಲಿ ಕಾಣೆ. ದ್ರೋಣನ ಗರಡಿಯ ಕಥೆಯುಂಟು; ಅದು ಅರಸುಮಕ್ಕಳದು.

ಹೀಗಾಗಿ ನಾನು ಹುಡುಗರಿಗೆ ಮೊದಲು ಹೇಳುವುದು ಕಾವ್ಯದಿಂದಲ್ಲ, ನಿಘಂಟಿನಿಂದ. ಶಿಕ್ಷೆ ಎಂಬ ಪದವನ್ನು ನೋಡಿ. ಆರು ವೇದಾಂಗಗಳಲ್ಲಿ ಶಿಕ್ಷಾ ಎಂಬುದೊಂದು. ಅಕ್ಷರವನ್ನು ತಪ್ಪಿಲ್ಲದೆ ಉಚ್ಚರಿಸುವುದನ್ನು ಕಲಿಸುವ ಶಾಸ್ತ್ರ ಅದು. ಶಿಕ್ಷಣ, ಶಿಕ್ಷಕ ಎಂಬ ಮಾತುಗಳು ಅದೇ ಬೇರಿನವು. ಕನ್ನಡದಲ್ಲಿ ಮಾತ್ರ ಶಿಕ್ಷೆ ಎಂದೊಡನೆ ನೆನಪಿಗೆ ಬರುವುದು ಬೆತ್ತ ಮತ್ತು ಸೆರೆಮನೆ. ಕಲಿಸುವುದೂ ದಂಡಿಸುವುದೂ ಒಂದೇ ಪದದಲ್ಲಿ ಬೆರೆತುಹೋಗಿವೆ. ತರಬೇತಿ ಕೇಂದ್ರದಲ್ಲಿ ಹೊಸಬನಿಗೆ ಆಗುವ ಗೊಂದಲವೂ ಇದೇ. ಇಪ್ಪತ್ತು ಸಲ ಹಾಸಿಗೆ ಬಿಚ್ಚಿ ಮಡಿಸು ಎಂದಾಗ ಅವನು ತನ್ನನ್ನು ದಂಡಿಸುತ್ತಿದ್ದಾರೆಂದು ಕುದಿಯುತ್ತಾನೆ. ಅಲ್ಲಿ ನಡೆಯುತ್ತಿರುವುದು, ಬಹುಪಾಲು, ಮೊದಲ ಅರ್ಥದ ಶಿಕ್ಷೆ. ಮೈ ದಣಿದು ಕಣ್ಣು ಎಳೆಯುತ್ತಿರುವಾಗಲೂ ಸಣ್ಣ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುವುದು ಕೈಗೆ ಅಭ್ಯಾಸವಾಗಬೇಕು. ಏಕೆಂದರೆ ಮುಂದೆ ಅದೇ ದಣಿವಿನಲ್ಲಿ, ಕತ್ತಲೆಯಲ್ಲಿ, ಅವನು ಬಂದೂಕನ್ನು ಬಿಚ್ಚಿ ಒರೆಸಿ ಜೋಡಿಸಬೇಕಾದೀತು. ಹಾಸಿಗೆ ನೆವ. ಕ್ಷೌರಿಕ ಬಂದು ತಲೆ ಬೋಳಿಸುವುದು, ಹೆಸರಿಗೆ ಬದಲಾಗಿ ನಂಬರು ಕೂಗುವುದು, ಒಬ್ಬ ತಪ್ಪಿದರೆ ಇಡೀ ಸಾಲನ್ನು ಓಡಿಸುವುದು, ಇವೆಲ್ಲವೂ ಇದೇ ಜಾತಿಯವು. ಉಸ್ತಾದನ ಕೂಗು ಕಿವಿಗೆ ಬಿದ್ದಾಗ, 'ಇವನು ನನ್ನನ್ನು, ಇಂಥವರ ಮಗನನ್ನು, ಬೈಯುತ್ತಿದ್ದಾನೆ' ಎಂದು ತಿಳಿಯಬಾರದು. ಅವನು ಕೂಗುತ್ತಿರುವುದು ಒಂದು ಸಾಲಿಗೆ. ಕಳೆದ ವರ್ಷದ ಸಾಲಿಗೂ ಅವನು ಇದೇ ಧ್ವನಿಯಲ್ಲಿ ಕೂಗಿದ್ದ. ನಮ್ಮ ಹುಡುಗರು ಅಲ್ಲಿಂದ ಕಲಿತು ಬರುವ 'ರಗಡಾ' ಎಂಬ ಮಾತಿದೆ. ಉಜ್ಜುವುದು, ತಿಕ್ಕುವುದು ಎಂದರ್ಥ. ಅದನ್ನು ಕೇಳಿದಾಗಲೆಲ್ಲ ನನಗೆ ಹರಿಹರನ ರಗಳೆಯೇ ನೆನಪಾಗುತ್ತದೆ. ಪರೀಕ್ಷೆಗೆ ಕುಳಿತವರಿಗೆ ಅದೂ ಕೆಲಮಟ್ಟಿಗೆ ರಗಡಾವೇ.

ಆದರೆ ಎರಡನೆಯ ಅರ್ಥದ ಶಿಕ್ಷೆಯೂ ಲೋಕದಲ್ಲಿ ಇಲ್ಲವೆಂದಲ್ಲ. ಕಲಿಸುವ ನೆಪದಲ್ಲಿ ಹೊಡೆಯುವುದು, ಜಾತಿ ಭಾಷೆಗಳನ್ನು ಹಿಡಿದು ಹೀಯಾಳಿಸುವುದು ಎಲ್ಲಿ ನಡೆದರೂ ಅದು ತರಬೇತಿಯಲ್ಲ. ೧೯೫೦ರ ಸೇನಾ ಕಾಯಿದೆಯ ೪೭ನೆಯ ಪ್ರಕರಣ, ಅಧಿಕಾರಿಯಾಗಲಿ ಹವಾಲ್ದಾರನಾಗಲಿ ತನ್ನ ಕೆಳಗಿನವನ ಮೇಲೆ ಬಲಪ್ರಯೋಗ ಮಾಡುವುದನ್ನೂ ಅವನನ್ನು ದುರುಪಚರಿಸುವುದನ್ನೂ ಅಪರಾಧವೆಂದು ಹೇಳುತ್ತದೆ. ಹುಡುಗ ಇದನ್ನು ತಿಳಿದುಕೊಂಡೇ ಹೋಗಬೇಕು. ಬೆವರಿಳಿಸುವುದು ಯಾವುದು, ಮಾನ ಕಳೆಯುವುದು ಯಾವುದು ಎಂಬ ವಿವೇಕ ಅವನಿಗಿದ್ದರೆ ಮೊದಲನೆಯದನ್ನು ಗೊಣಗದೆ ಸಹಿಸಿಯಾನು, ಎರಡನೆಯದನ್ನು ಮುಚ್ಚಿಡದೆ ಮೇಲಿನವರಿಗೆ ಹೇಳಿಯಾನು. 'ದಂಡಂ ದಶಗುಣಂ' ಎಂದು ಮೀಸೆ ತಿರುವುವ ಹಿರಿಯರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ; ಮಗನನ್ನು ಕಳುಹಿಸುವ ಮುನ್ನಾದಿನ ಅವರ ಉಪದೇಶ ಅವನ ಕಿವಿಗೆ ಬೀಳದಿರುವುದು ಒಳ್ಳೆಯದು.

ಕನ್ನಡದ ಹುಡುಗನಿಗೆ ಇನ್ನೊಂದು ಕಷ್ಟವುಂಟು, ಅದನ್ನು ಭಾಷೆಯ ಮೇಷ್ಟರೇ ಹೇಳಬೇಕು. ಆಜ್ಞೆಗಳು ಹಿಂದಿಯಲ್ಲಿರುತ್ತವೆ. ಅರ್ಥವಾಗದ ಮಾತಿನ ಕಾಟವೇ ಬೇರೆ. ಅರ್ಥವಾದಂತೆ ತೋರುವ ಮಾತಿನ ಕಾಟ ಅದಕ್ಕಿಂತ ಹೆಚ್ಚು. 'ಸಾವಧಾನ್' ಎಂದು ಕೂಗು ಬೀಳುತ್ತದೆ. ನಮ್ಮ ಮನೆಗಳಲ್ಲಿ ಸಾವಧಾನವೆಂದರೆ ನಿಧಾನ, ತಾಳ್ಮೆ. 'ಸಾವಧಾನವಾಗಿ ಉಂಡೇಳಪ್ಪ' ಎನ್ನುವಾಗಿನ ತಾಯಿಯ ಅಕ್ಕರೆ. ಅಲ್ಲಿ ಅದರ ಅರ್ಥ, ಹಿಮ್ಮಡಿ ಫಟ್ಟನೆ ಜೋಡಿಸಿ ಕಂಬದಂತೆ ಸೆಟೆದು ನಿಲ್ಲು ಎಂದು. ಮದುವೆಯ ಅಂತರಪಟದ ಮುಂದೆ 'ಸಾವಧಾನ' ಎಂದು ಪುರೋಹಿತರು ಕೂಗಿದ್ದನ್ನು ಕೇಳಿ ಎಚ್ಚೆತ್ತ ಸಮರ್ಥ ರಾಮದಾಸರು ಮಂಟಪ ಬಿಟ್ಟು ಓಡಿಹೋದರೆಂದು ಮರಾಠಿಯಲ್ಲಿ ಐತಿಹ್ಯವಿದೆ; ಕವಾಯತಿನ ಮೈದಾನದಲ್ಲಿ ಆ ಅನುಕೂಲವಿಲ್ಲ. 'ವಿಶ್ರಾಮ್' ಎಂಬ ಆಜ್ಞೆಯಲ್ಲಿಯೂ ವಿಶ್ರಾಂತಿಯಿಲ್ಲ. ಕಾಲು ಅಗಲಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಅಲುಗದೆ ನಿಲ್ಲತಕ್ಕದ್ದು. ತುಸು ಸಡಿಲವಾಗಬೇಕಾದರೆ 'ಆರಾಮ್ ಸೇ' ಎಂಬ ಇನ್ನೊಂದು ಅಪ್ಪಣೆ ಬರಬೇಕು. ಇನ್ನು ಜವಾನ. ನಮ್ಮ ಕಚೇರಿಗಳಲ್ಲಿ ಜವಾನನೆಂದರೆ ಫೈಲು ಹೊರುವವನು, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರುವವನು. ಅಲ್ಲಿ ಅದೇ ಮಾತು ಯೋಧನಿಗೆ ಸಲ್ಲುವ ಗೌರವದ ಹೆಸರು. ಪಾರಸಿಯ ಮೂಲದಲ್ಲಿ ತರುಣನೆಂದಷ್ಟೆ ಅರ್ಥ.

ಕನ್ನಡದ ಕಿವಿ ಈ ಅರ್ಥಾಂತರಗಳನ್ನು ದಾಟಲು ಅರ್ಧ ಕ್ಷಣ ತೆಗೆದುಕೊಳ್ಳುತ್ತದೆ. ಆ ಅರ್ಧ ಕ್ಷಣವನ್ನು ಉಸ್ತಾದ ಸೋಮಾರಿತನವೆಂದು ಓದುತ್ತಾನೆ. ಹುಡುಗ ತನ್ನ ದಡ್ಡತನವೆಂದು ಓದಿಕೊಳ್ಳುತ್ತಾನೆ. ಎರಡೂ ತಪ್ಪು ಓದು. ಹೊರಡುವ ಮೊದಲು ಇನ್ನೂರು ಮುನ್ನೂರು ಹಿಂದಿ ಮಾತುಗಳನ್ನು ಬಾಯಿಪಾಠ ಮಾಡಿ, ದಾಹಿನೇ, ಬಾಯೇ, ಪೀಛೇ, ತೇಜ್ ಚಲ್, ಥಮ್ ಇವುಗಳಿಗೆ ಮನೆಯ ಮಹಡಿಯ ಮೇಲೆ ಕಾಲು ತಿರುಗುವಂತೆ ಮಾಡಿಕೊಂಡು ಹೋದರೆ ಮೊದಲ ಹದಿನೈದು ದಿನದ ಕಷ್ಟದಲ್ಲಿ ಅರ್ಧ ಇಳಿಯುತ್ತದೆ. ತಿಳಿಯದಿದ್ದಾಗ ತಿಳಿಯಲಿಲ್ಲವೆಂದು ಗಟ್ಟಿಯಾಗಿ ಹೇಳುವ ಒಂದು ವಾಕ್ಯವನ್ನೂ ಕಲಿತಿರಬೇಕು. ಸುಮ್ಮನೆ ತಲೆಯಾಡಿಸುವವನು ಸಂಜೆಗೆ ಸಿಕ್ಕಿಬೀಳುತ್ತಾನೆ. ಹಿಂದಿಯ ಹೇರಿಕೆಯ ವಿಷಯದಲ್ಲಿ ನನ್ನ ಅಭಿಪ್ರಾಯ ನನ್ನ ವಿದ್ಯಾರ್ಥಿಗಳಿಗೆ ಗೊತ್ತಿದೆ, ಅದು ಬದಲಾಗಿಲ್ಲ. ಆದರೆ ಆ ಜಗಳವನ್ನು ಹದಿನೆಂಟು ವರ್ಷದ ಹುಡುಗನ ಬೆನ್ನಚೀಲದಲ್ಲಿ ತುರುಕಿ ಕಳುಹಿಸುವುದು ನ್ಯಾಯವಲ್ಲ. ಆ ಚೀಲ ಹಾಗೆಯೇ ಸಾಕಷ್ಟು ಭಾರವಾಗಿರುತ್ತದೆ. ಹಲಸೂರಿಗೆ ಹೋದವನಿಗಾದರೋ ಹಿಂದಿಯ ಜೊತೆಗೆ ತಮಿಳೂ ಕಿವಿಗೆ ಬೀಳುತ್ತದೆ. ಮದರಾಸ್ ಸ್ಯಾಪರ್ಸ್ ಯೋಧರನ್ನು ಸೇನೆಯಲ್ಲೆಲ್ಲ 'ತಂಬಿ'ಗಳೆಂದೇ ಕರೆಯುತ್ತಾರೆ.

ಮಾತು ಎಡವಿದರೆ ಮರ್ಯಾದೆ ಹೋಯಿತೆಂದು ಕುಗ್ಗುವವರಿಗೆ ನಾನು ಕಾರ್ಯಪ್ಪನವರ ಕಥೆ ಹೇಳುವುದುಂಟು. ಕೊಡಗಿನ ಕೆ. ಎಂ. ಕಾರ್ಯಪ್ಪನವರು ೧೯೪೯ರ ಜನವರಿ ೧೫ರಂದು ಭಾರತ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನೇ ಸೇನಾದಿನವೆಂದು ಆಚರಿಸುತ್ತಾರೆ. ಅವರ ಹಿಂದುಸ್ತಾನಿ ಬಲು ಬಿಗಿ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಸೈನಿಕರನ್ನು ಕುರಿತು, ನೀವು ಸ್ವತಂತ್ರರು, ನಾನು ಸ್ವತಂತ್ರ, ದೇಶವೂ ಸ್ವತಂತ್ರ ಎನ್ನಲು ಹೊರಟವರು ಆಜಾದ್ ಎನ್ನುವ ಕಡೆಯಲ್ಲಿ ಮುಫ್ತ್ ಎಂದರಂತೆ. ಮುಫ್ತ್ ಎಂದರೆ ಪುಕ್ಕಟೆ. ನೀವೂ ಪುಕ್ಕಟೆ, ನಾನೂ ಪುಕ್ಕಟೆ, ದೇಶವೂ ಪುಕ್ಕಟೆ ಎಂದಂತಾಯಿತು! ಸೈನಿಕರು ಇದನ್ನು ತಲೆಮಾರುಗಳಿಂದ ನಗುತ್ತ, ಆದರೆ ಪ್ರೀತಿಯಿಂದ ಹೇಳಿಕೊಂಡು ಬಂದಿದ್ದಾರೆ. ೧೯೮೬ರಲ್ಲಿ ಅವರನ್ನು ಫೀಲ್ಡ್ ಮಾರ್ಷಲ್ ಪದವಿಗೆ ಏರಿಸುವಾಗ ಯಾರೂ ಅವರ ಲಿಂಗ ವಚನಗಳನ್ನು ಪರೀಕ್ಷಿಸಲಿಲ್ಲ.

ಇನ್ನು ದೇಹದ ಮಾತು. ಇಲ್ಲಿ ಒಂದೇ ವಿಷಯವನ್ನು ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ಅದನ್ನು ಅಲಕ್ಷಿಸಿ ಹಾಳಾದವರನ್ನು ಕಂಡಿದ್ದೇನೆ. ಭರ್ತಿಯ ರ್‍ಯಾಲಿಗಾಗಿ ಹುಡುಗರು ತಿಂಗಳುಗಟ್ಟಲೆ ಓಡುತ್ತಾರೆ. ಅದು ೧೬೦೦ ಮೀಟರ್ ಓಟ, ಕೆಲವೇ ನಿಮಿಷಗಳ ಕೆಲಸ. ಅದು ಮುಗಿದೊಡನೆ ಓಟವನ್ನು ನಿಲ್ಲಿಸಿಬಿಡುತ್ತಾರೆ. ಫಲಿತಾಂಶ, ವೈದ್ಯಪರೀಕ್ಷೆ, ಕರೆಪತ್ರ ಎಂದು ಕೆಲವು ತಿಂಗಳು ಕಳೆಯುತ್ತವೆ. ಅಷ್ಟರಲ್ಲಿ ನೆಂಟರ ಮನೆಯ ಊಟವೇ ವ್ಯಾಯಾಮ. ಆಮೇಲೆ ಒಮ್ಮೆಲೇ ಗಟ್ಟಿ ಬೂಟು, ಗಟ್ಟಿ ನೆಲ, ದಿನವೆಲ್ಲ ಓಟ ಮತ್ತು ಕವಾಯತು. ಹೊಸ ಭಾರ ಬಿದ್ದಾಗ ಮೂಳೆ ತನ್ನನ್ನು ತಾನೇ ಕೆಡವಿ ಕಟ್ಟಿಕೊಳ್ಳುತ್ತದೆ. ಕೆಡವುವುದು ಬೇಗ, ಕಟ್ಟುವುದು ತಡ. ಹೀಗಾಗಿ ಮೊದಲ ಕೆಲವು ವಾರಗಳಲ್ಲಿ ಕಣಕಾಲಿನ ಮೂಳೆ ಮೊದಲಿಗಿಂತ ದುರ್ಬಲವಾಗಿರುತ್ತದೆ. ಆಗಲೂ ಬಡಿತ ನಿಲ್ಲದಿದ್ದರೆ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡುತ್ತದೆ. ಮಾಂಸಖಂಡದ ನೋವು ಕಾಲಿನ ತುಂಬ ಹರಡಿರುತ್ತದೆ, ಮೈ ಬಿಸಿಯಾದಂತೆ ಕಡಿಮೆಯಾಗುತ್ತದೆ; ಮೂಳೆಯ ನೋವು ಬೆರಳಿಟ್ಟು ತೋರಿಸಬಹುದಾದ ಒಂದೇ ಕಡೆ ಇರುತ್ತದೆ, ಓಡಿದಂತೆ ಹೆಚ್ಚುತ್ತದೆ, ಕೊನೆಗೆ ಮಲಗಿದರೂ ಬಿಡುವುದಿಲ್ಲ. ಈ ಎರಡನೆಯದು ಕಂಡರೆ ಆ ದಿನವೇ ವೈದ್ಯರ ಬಳಿಗೆ ಹೋಗಬೇಕು. ಕರೆಪತ್ರಕ್ಕೆ ಕಾಯುವ ತಿಂಗಳುಗಳಲ್ಲಿ ಓಟವನ್ನು ಬಿಡದೆ, ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುವುದು ಇದಕ್ಕೆ ಇರುವ ನಿಜವಾದ ಔಷಧ.

ನನ್ನ ವಿದ್ಯಾರ್ಥಿಯೊಬ್ಬನ ಸಂಗತಿ ಹೇಳುತ್ತೇನೆ. ಹೆಸರು ಬೇಡ, ಕೇಂದ್ರದ ಹೆಸರೂ ಬೇಡ. ಅವನು ಆಯ್ಕೆಯಾದಾಗ ಬೀದಿಯ ತುದಿಯಲ್ಲಿ ಆಳೆತ್ತರದ ಫ್ಲೆಕ್ಸ್ ಕಟ್ಟಿದರು. ಅವನ ಭಾವಚಿತ್ರ, ಹಿಂದೆ ಹಿಮಾಲಯ, ಕೆಳಗೆ ಶುಭಕೋರುವ ಇಪ್ಪತ್ತು ಮಂದಿಯ ಮುಖಗಳು. ಹಾರ ಹಾಕಿ ಯಶವಂತಪುರದ ನಿಲ್ದಾಣದವರೆಗೆ ಹೋಗಿ ರೈಲು ಹತ್ತಿಸಿ ಬಂದರು. ಐದನೆಯ ವಾರದಲ್ಲಿ ಅವನಿಗೆ ಕಣಕಾಲು ನೋಯತೊಡಗಿತು. ಹೇಳಿದರೆ ಹಿಂದಿನ ತಂಡಕ್ಕೆ ದಬ್ಬುತ್ತಾರೆ, ಮನೆಗೆ ಕಳುಹಿಸಿದರಂತೂ ಆ ಫ್ಲೆಕ್ಸಿನ ಕೆಳಗೆ ಹಾದು ಹೋಗುವುದು ಹೇಗೆ ಎಂದು ಹೆದರಿ ಮೂರು ವಾರ ಮುಚ್ಚಿಟ್ಟ. ಬಿರುಕು ಮುರಿತವಾಯಿತು. ವೈದ್ಯಕೀಯ ಮಂಡಳಿ ಅವನನ್ನು ಬಿಡುಗಡೆ ಮಾಡಿತು. ಊರಿಗೆ ಬಂದವನಿಗೆ ಬೀದಿ ಕೊಟ್ಟ ಬಿರುದು 'ಓಡಿಬಂದವನು' ಎಂದು. ಕಾಲು ಮುರಿದು ನಡೆಯಲಾರದವನನ್ನು ಓಡಿಬಂದವನೆಂದು ಕರೆಯುವ ಕ್ರೌರ್ಯ ಭಾಷೆಗೆ ಎಲ್ಲಿಂದ ಬರುತ್ತದೆಯೋ! ಈಗ ಮೂಳೆ ಕೂಡಿಕೊಂಡಿದೆ, ಪೀಣ್ಯದ ಕಡೆ ಕೆಲಸದಲ್ಲಿದ್ದಾನೆ, ಕುಶಲವಾಗಿದ್ದಾನೆ. ಆ ಬೀದಿಯಲ್ಲಿ ಮಾತ್ರ ಅವನು ಮತ್ತೆ ಮನೆ ಮಾಡಲಿಲ್ಲ.

ಆದ್ದರಿಂದ ನನ್ನ ಬುದ್ಧಿಮಾತಿನ ಒಂದು ಪಾಲು ಕಳುಹಿಸುವವರಿಗೂ ಸಲ್ಲಬೇಕು. ಫ್ಲೆಕ್ಸ್ ಕಟ್ಟಬೇಡಿ. ಸಿಹಿ ಹಂಚಿ, ದೇವರಿಗೆ ಕೈಮುಗಿಸಿ, ಕಳುಹಿಸಿ. ಪರೀಕ್ಷೆಯೊಂದರಲ್ಲಿ ಹಿಂದುಳಿದವನನ್ನು ಮುಂದಿನ ತಂಡದ ಜೊತೆ ಸೇರಿಸುವ ಪದ್ಧತಿ ಸೇನೆಯಲ್ಲಿ ಹಿಂದಿನಿಂದಲೂ ಇದೆ. ಕೆಲವು ವಾರ ಹೆಚ್ಚು ಕಲಿಯುತ್ತಾನೆ, ಅಷ್ಟೆ. ಅದನ್ನು ನಾಪಾಸೆಂದು ಊರಿಗೆಲ್ಲ ಹೇಳಿಕೊಂಡು ಅಳುವ ಅಗತ್ಯವಿಲ್ಲ. ನಿಜವಾಗಿಯೂ ಓಡಿಬರುವ ಯೋಚನೆ ಹುಡುಗನ ತಲೆಗೆ ಬರುವುದುಂಟು, ಸಾಮಾನ್ಯವಾಗಿ ಮೂರನೆಯ ವಾರದ ಯಾವುದೋ ರಾತ್ರಿ. ಅಪ್ಪಣೆಯಿಲ್ಲದೆ ಗೈರುಹಾಜರಾಗುವುದು, ಸೇನೆಯನ್ನು ತೊರೆದು ಹೋಗುವುದು ಎರಡೂ ಅದೇ ಕಾಯಿದೆಯಲ್ಲಿ ಅಪರಾಧಗಳು. ಗೋಡೆ ಹಾರುವ ಬದಲು ಬೆಳಗಾಗುವವರೆಗೆ ಕಾದು, ಮೇಲಿನ ಅಧಿಕಾರಿಯ ಮುಂದೆ ನಿಂತು, 'ನನ್ನಿಂದ ಆಗುತ್ತಿಲ್ಲ' ಎಂದು ಹೇಳಬಹುದು. ಹಾಗೆ ಕಾದವರಲ್ಲಿ ಹೆಚ್ಚಿನವರಿಗೆ ಬೆಳಗಾದ ಮೇಲೆ ಹೇಳುವ ಅಗತ್ಯವೇ ಕಾಣಲಿಲ್ಲವೆಂದು ಕೇಳಿದ್ದೇನೆ.

ಈಗಿನ ಹುಡುಗರಿಗೆ ಹಿಂದಿನವರಿಗಿಲ್ಲದ ಒಂದು ಭಾರವೂ ಸೇರಿಕೊಂಡಿದೆ. ೨೦೨೨ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಸೇರುವವರಿಗೆ ಸುಮಾರು ೩೧ ವಾರಗಳ ತರಬೇತಿಯೂ ಒಳಗೊಂಡು ನಾಲ್ಕು ವರ್ಷದ ಸೇವೆ. ಆ ಬಳಿಕ ಶೇಕಡ ೨೫ರವರೆಗಿನವರಿಗೆ ಮಾತ್ರ ಮುಂದುವರಿಯುವ ಅವಕಾಶವೆಂದು ಯೋಜನೆ ಹೇಳಿತು. ಇದರ ಒಳ್ಳೆಯದು ಕೆಟ್ಟದ್ದನ್ನು ಬಲ್ಲವರು ಚರ್ಚಿಸಲಿ. ನನಗೆ ಕಾಣುವ ಅಪಾಯ ಬ್ಯಾರಕ್ಕಿನ ಒಳಗಿನದು. ಪಕ್ಕದ ಮಂಚದವನು ಜೊತೆಗಾರನೋ ಪ್ರತಿಸ್ಪರ್ಧಿಯೋ? ಅವನ ಬೂಟಿನ ದಾರ ಬಿಚ್ಚಿರುವುದನ್ನು ಕಂಡು ಹೇಳಿದರೆ ನನ್ನ ಅಂಕಕ್ಕೆ ನಷ್ಟವೇ? ಹೀಗೆ ಲೆಕ್ಕ ಹಾಕತೊಡಗಿದವನಿಗೆ ೩೧ ವಾರ ೬೨ ವಾರದಷ್ಟು ಉದ್ದವಾಗುತ್ತದೆ. ಕಾಮಠಿಯಲ್ಲಿ ನಮ್ಮ ಕೊಠಡಿಯಲ್ಲಿದ್ದವರು ಐದು ರಾಜ್ಯಗಳ ಮೇಷ್ಟರುಗಳು. ಒಬ್ಬನಿಗೆ ಹೊಲಿಗೆ ಬರುತ್ತಿತ್ತು, ಗುಂಡಿ ಹಾಕಿಕೊಡುತ್ತಿದ್ದ. ಇನ್ನೊಬ್ಬ ಗಣಿತದವನು, ನಕ್ಷೆ ಓದುವುದನ್ನು ರಾತ್ರಿ ಕೂತು ಹೇಳಿಕೊಡುತ್ತಿದ್ದ. ನನ್ನ ಪಾಲಿಗೆ ಬಂದದ್ದು ಅವರವರ ಹೆಂಡತಿಗೆ ಬರೆಯುವ ಇಂಗ್ಲಿಷ್ ಕಾಗದಗಳನ್ನು ತಿದ್ದುವ ಕೆಲಸ.

ಚಿಲ್ಲರೆ ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾಲುಚೀಲ ಹೆಚ್ಚಿಗೆ ಇರಲಿ. ಒದ್ದೆಯಾದುದನ್ನು ಹಾಕಿಕೊಂಡು ನಡೆಯಬಾರದು. ಉಗುರನ್ನು ನೇರವಾಗಿ ಕತ್ತರಿಸಬೇಕು. ಬಾಯಾರಿಕೆಗೆ ಕಾಯದೆ ನೀರು ಕುಡಿಯಬೇಕು. ಬೆವರು ನಿಂತು ತಲೆ ತಿರುಗಿದರೆ, ಮಾತು ತೊದಲಿದರೆ, ಪಕ್ಕದವನಾದರೂ ಕೂಗಿ ಹೇಳಬೇಕು. ಲಂಗರಿನಲ್ಲಿ ಬಡಿಸಿದ್ದನ್ನು ಉಣ್ಣಬೇಕು. ಮುದ್ದೆ ಮತ್ತು ಸಾರಿನ ಕನವರಿಕೆ ಎರಡು ತಿಂಗಳಲ್ಲಿ ಇಳಿಯುತ್ತದೆ. ನಿದ್ದೆ ಸಿಕ್ಕಾಗ ನಿದ್ದೆ. ಫೋನ್ ಕೈಗೆ ಸಿಕ್ಕ ಅರ್ಧ ಗಂಟೆಯನ್ನು ಊರಿನ ವೀಡಿಯೋ ನೋಡಿ ಕಳೆಯುವುದು ಬೇಡ.

ಮನೆಯವರು ಆ ಅರ್ಧ ಗಂಟೆಯಲ್ಲಿ ಏನು ಮಾತನಾಡಬೇಕೆಂದು ಕೇಳುತ್ತಾರೆ. 'ಎಲ್ಲ ಪಾಸಾಯಿತೇ, ಎಷ್ಟನೆಯವನಾಗಿ ಬಂದೆ' ಎಂದು ಕೇಳಬೇಡಿ. ಅದನ್ನು ಕೇಳುವವರು ಅಲ್ಲಿಯೇ ಬೇಕಾದಷ್ಟು ಮಂದಿ ಇದ್ದಾರೆ. ಕಾಗದ ಬರೆದರೆ ಇನ್ನೂ ಮೇಲು, ಮತ್ತೆ ಮತ್ತೆ ಓದಬಹುದು. ಮೆಟ್ರೋ ಕೆಳಗಿನ ಹೂವಿನವಳು ನಿನ್ನನ್ನು ಕೇಳಿದಳು, ಹಿತ್ತಲ ನುಗ್ಗೆ ಈ ಸಲ ಚೆನ್ನಾಗಿ ಬಿಟ್ಟಿದೆ, ನಿನ್ನೆ ಸಂಜೆ ಆಲಿಕಲ್ಲು ಬಿತ್ತು, ನಿನ್ನ ಸೈಕಲ್ಲಿಗೆ ತಂಗಿ ಗಾಳಿ ಹಾಕಿಸಿದ್ದಾಳೆ ಎಂದು ಬರೆಯಿರಿ. ಕನ್ನಡದಲ್ಲಿ ಬರೆಯಿರಿ. ಇಡೀ ದಿನ ಪರಭಾಷೆಯಲ್ಲಿ ಎಚ್ಚರವಾಗಿದ್ದವನು ರಾತ್ರಿ ಹತ್ತು ನಿಮಿಷ ಅದನ್ನು ಓದಿಕೊಂಡು ಮಲಗುತ್ತಾನೆ.